ಲಂಚ ಕೊಡೋಣವೆಂದರೆ ಯಾರಿಗೆ? ಅಥೆನ್ಸಿನ ಕೋರ್ಟಿನಲ್ಲಿ ಒಂದು ದಿನ

ಕ್ರಿ.ಪೂ. 409ರಲ್ಲಿ ಅನಿಟಸ್ ಎಂಬ ಅಥೆನ್ಸಿನ ದಂಡನಾಯಕ ಪೈಲೋಸ್ ಕೋಟೆಯನ್ನು ಉಳಿಸಿಕೊಳ್ಳಲು 30 ಹಡಗು ಕಟ್ಟಿಕೊಂಡು ಹೊರಟ. ಮಾಲಿಯಾ ಭೂಶಿರದ ಹತ್ತಿರ ಬಿರುಗಾಳಿಗೆ ಸಿಕ್ಕಿ, ದಾಟಲಾಗದೆ ವಾಪಸ್ ಬಂದ. ಕೋಟೆ ಸ್ಪಾರ್ಟಾದ ಪಾಲಾಯಿತು. ಊರವರು ಅವನ ಮೇಲೆ ದ್ರೋಹದ ಕೇಸು ಹಾಕಿದರು. ಅನಿಟಸ್ ಕೋರ್ಟಿನಲ್ಲಿ ಕುಳಿತವರಿಗೆಲ್ಲ ದುಡ್ಡು ಹಂಚಿ ಪಾರಾದ. ಅಥೆನ್ಸಿನಲ್ಲಿ ಈ ದಾರಿ ತೋರಿಸಿಕೊಟ್ಟ ಮೊದಲಿಗ ಇವನೇ ಎಂದು ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ‘ಅಥೆನ್ಸಿನ ಸಂವಿಧಾನ’ ಹೇಳುತ್ತದೆ. ಹೆಸರು ನೆನಪಿನಲ್ಲಿರಲಿ, ಈ ಆಸಾಮಿ ಮತ್ತೆ ಬರುತ್ತಾನೆ.

ಅಷ್ಟು ಜನರನ್ನು ಕೊಂಡುಕೊಳ್ಳುವುದಾದರೂ ಹೇಗೆ? 501 ಜನರ ಪೀಠವಾದರೆ ಎಲ್ಲರೂ ಬೇಕಿಲ್ಲ, 251 ಜನ ಸಾಕು. ಆಗಿನ ಏರ್ಪಾಡು ಅದಕ್ಕೆ ಅನುಕೂಲವಾಗಿಯೇ ಇತ್ತು. ಪ್ರತಿ ವರ್ಷ 30 ದಾಟಿದ 6000 ಗಂಡು ಪೌರರನ್ನು ಚೀಟಿ ಎತ್ತಿ ಆರಿಸಿ, ಪ್ರಮಾಣ ಮಾಡಿಸಿ, ತಂಡ ತಂಡವಾಗಿ ಒಂದೊಂದು ಕೋರ್ಟಿಗೆ ಹಚ್ಚಿಬಿಡುತ್ತಿದ್ದರು. ತಂಡ ವರ್ಷವಿಡೀ ಅದೇ ಕೋರ್ಟಿನಲ್ಲಿ ಕೂರುತ್ತಿತ್ತು. ನಿಮ್ಮ ಕೇಸು ಯಾವ ಕೋರ್ಟಿಗೆ ಬರುತ್ತದೆಂದು ಗೊತ್ತಾದರೆ ಯಾರು ಕೇಳುತ್ತಾರೆಂದೂ ಗೊತ್ತಾಯಿತು. ಮನೆಮನೆಗೆ ಹೋಗಿ ಬರಲು ಬೇಕಾದಷ್ಟು ಸಮಯ.

ಇದಕ್ಕೆ ಮೊದಲು ಹಾಕಿದ ತೇಪೆ, ಯಾವ ತಂಡ ಯಾವ ಕೋರ್ಟಿಗೆ ಎಂಬುದನ್ನು ಆ ದಿನದ ಬೆಳಗ್ಗೆಯೇ ಚೀಟಿ ಎತ್ತಿ ಗೊತ್ತುಮಾಡುವುದು. ತಂಡಗಳಿಗೆ ಅಕ್ಷರಗಳ ಹೆಸರು: ಆಲ್ಫಾ, ಬೀಟಾ, ಗ್ಯಾಮಾ. ಆದರೂ ಸೋರಿತು. ಕ್ರಿ.ಪೂ. 388ರಲ್ಲಿ ಆಡಿದ ಅರಿಸ್ಟೊಫನೀಸನ ನಾಟಕವೊಂದರಲ್ಲಿ, ಕೋರ್ಟಿನಲ್ಲಿ ಕೂರುವ ಚಟದವರೆಲ್ಲ ಒಂದಕ್ಕಿಂತ ಹೆಚ್ಚು ಅಕ್ಷರದಲ್ಲಿ ಹೆಸರು ಬರೆಸಿಕೊಳ್ಳಲು ಒದ್ದಾಡುತ್ತಾರೆ ಎಂಬ ಚೇಷ್ಟೆಯ ಮಾತಿದೆ. ಯಾವುದಾದರೊಂದು ಅಕ್ಷರ ಹತ್ತಿದರೆ ಅವತ್ತಿನ ಕೂಲಿ ಗಿಟ್ಟುತ್ತಿತ್ತಲ್ಲ. ಆಮೇಲೆ ಬಂದದ್ದು ಮೂರನೇ ಏರ್ಪಾಡು. ತಂಡವನ್ನು ಇಡಿಯಾಗಿ ಎತ್ತುವುದನ್ನೇ ಬಿಟ್ಟು, ಒಬ್ಬೊಬ್ಬ ಮನುಷ್ಯನನ್ನೂ ಬೇರೆಬೇರೆಯಾಗಿ, ಎಲ್ಲರ ಕಣ್ಣೆದುರಿಗೆ, ಅವತ್ತೇ ಬೆಳಗ್ಗೆ ಎತ್ತುವುದು. ಅದರ ವಿವರ ಮೇಲೆ ಹೇಳಿದ ಪುಸ್ತಕದ ಕೊನೆಯ ಅಧ್ಯಾಯಗಳಲ್ಲಿದೆ. ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್ ಸುರುಳಿಗಳಿಂದ ಅದು ಅಚ್ಚಾದದ್ದು 1891ರಲ್ಲಿ. ಓದಿದವರಿಗೆ ಚೀಟಿ ಎತ್ತುವ ಆ ಯಂತ್ರ ಹೇಗಿತ್ತೆಂಬುದೇ ತಲೆಗೆ ಹತ್ತಲಿಲ್ಲ. ಅಥೆನ್ಸಿನ ಅಗೋರಾದ, ಎಂದರೆ ಹಳೇ ಪೇಟೆಚೌಕದ, ಅಗೆತದಲ್ಲಿ ಸಾಲು ಸಾಲು ಸೀಳುಗಳಿದ್ದ ಕಲ್ಲುಗಳು ಸಿಕ್ಕಿ, 1930ರ ದಶಕದಲ್ಲಿ ಸ್ಟರ್ಲಿಂಗ್ ಡೌ ಎಂಬ ವಿದ್ವಾಂಸ ಇವೇ ಆ ಯಂತ್ರ ಎಂದು ಬಿಡಿಸಿ ಹೇಳಿದ ಮೇಲೆಯೇ ಚಿತ್ರ ಪೂರ್ಣವಾದದ್ದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕೋರ್ಟಿನಲ್ಲಿ ಕೂರುವವನಿಗೆ ಗ್ರೀಕರು ದಿಕಾಸ್ಟ್ ಎನ್ನುತ್ತಿದ್ದರು. ಕಾನೂನು ಓದಿದ ಜಡ್ಜ್ ಅಲ್ಲ, ಸಿನಿಮಾದಲ್ಲಿ ನೋಡುವ 12 ಜನರ ಜ್ಯೂರಿಯವನೂ ಅಲ್ಲ. ಪೀಠಕ್ಕೆ ಅಧ್ಯಕ್ಷನಾಗಿ ಒಬ್ಬ ಅಧಿಕಾರಿ ಇರುತ್ತಿದ್ದ. ಆದರೆ ಕಾನೂನು ಏನು ಹೇಳುತ್ತದೆಂದು ವಿವರಿಸುವ ಅಧಿಕಾರ ಅವನಿಗಿಲ್ಲ. ದಿಕಾಸ್ಟರು ತಮ್ಮೊಳಗೆ ಚರ್ಚಿಸುವಂತಿಲ್ಲ. ಅವರ ತೀರ್ಪಿನ ಮೇಲೆ ಅಪೀಲೂ ಇಲ್ಲ. ಖಾಸಗಿ ವ್ಯಾಜ್ಯ 1000 ಡ್ರಾಕ್ಮಾದವರೆಗೆ (ಡ್ರಾಕ್ಮಾ ಅಲ್ಲಿನ ನಾಣ್ಯ) ಇದ್ದರೆ 201 ಜನ, ದಾಟಿದರೆ 401. ಸಾರ್ವಜನಿಕ ಅಪರಾಧಕ್ಕೆ ಸಾಮಾನ್ಯವಾಗಿ 501, ದೊಡ್ಡ ಕೇಸಿಗೆ ಪೀಠಗಳನ್ನು ಕೂಡಿಸಿ 1000, 1500.

ಅಥೆನ್ಸಿನ ಪೌರರು 10 ಪಂಗಡಗಳಾಗಿದ್ದರು. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತೆನೀಸ್ ಹಳೇ ಕುಲಗಳನ್ನು ಮುರಿದು, ಕರಾವಳಿ, ಒಳನಾಡು, ಪಟ್ಟಣ ಮೂರರ ಜನವನ್ನೂ ಬೆರೆಸಿ ಕಟ್ಟಿದ ಪಂಗಡಗಳು. ಒಂದೊಂದಕ್ಕೂ ಒಬ್ಬ ಪುರಾಣಪುರುಷನ ಹೆಸರು. ನೂರು ಹೆಸರಿನ ಪಟ್ಟಿ ಡೆಲ್ಫಿಗೆ ಹೋಗಿ, ಅಲ್ಲಿನ ದೇವರ ಬಾಯಿಂದ ಹತ್ತು ಹೆಸರು ಆರಿಸಿ ಬಂದವಂತೆ. ಆ ಹತ್ತು ವೀರರ ಪ್ರತಿಮೆಗಳು ಅಗೋರಾದಲ್ಲಿ ಉದ್ದನೆಯ ಪೀಠವೊಂದರ ಮೇಲೆ ಸಾಲಾಗಿ ನಿಂತಿದ್ದವು. ಯಾರ ಮೇಲೆ ಯಾರು ಕೇಸು ಹಾಕಿದ್ದಾರೆಂಬ ನೋಟೀಸು ಅದರ ಮುಂದೆಯೇ ಬೀಳುತ್ತಿತ್ತು.

ಈಗ ಬೆಳಗ್ಗೆಯ ಕೆಲಸ. ಪ್ರತಿ ದಿಕಾಸ್ಟನ ಕೈಯಲ್ಲಿ ಪಿನಾಕಿಯನ್ ಎಂಬ ಗುರುತಿನ ಪಟ್ಟಿ ಇರುತ್ತಿತ್ತು. ಮೊದಮೊದಲು ಕಂಚಿನದು, ಅರಿಸ್ಟಾಟಲನ ಕಾಲಕ್ಕೆ ಬಾಕ್ಸ್‌ವುಡ್ ಮರದ್ದು. ಕಂಚಿನವು ಸುಮಾರು 11 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ. ಅದರ ಮೇಲೆ ಅವನ ಹೆಸರು, ಅಪ್ಪನ ಹೆಸರು, ಊರು, ಮತ್ತು ಆಲ್ಫಾದಿಂದ ಕಪ್ಪಾವರೆಗಿನ ಹತ್ತು ಅಕ್ಷರಗಳಲ್ಲಿ ಒಂದು. ಪಂಗಡದ ಜನವನ್ನು ಈ ಹತ್ತು ಅಕ್ಷರಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿರುತ್ತಿದ್ದರು. ಯಾಕೆ ಸಮನಾಗಿ ಎಂಬುದು ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಪಂಗಡಕ್ಕೊಂದರಂತೆ ಹತ್ತು ಬಾಗಿಲು. ಬಾಗಿಲ ಮುಂದೆ ಹತ್ತು ಪೆಟ್ಟಿಗೆ, ಅಕ್ಷರಕ್ಕೊಂದು. ಬಂದವರು ತಮ್ಮ ಅಕ್ಷರದ ಪೆಟ್ಟಿಗೆಗೆ ಪಟ್ಟಿ ಹಾಕುತ್ತಾರೆ. ಸೇವಕ ಪೆಟ್ಟಿಗೆ ಕುಲುಕುತ್ತಾನೆ. ಅಧಿಕಾರಿ ಒಂದೊಂದರಿಂದ ಒಂದು ಪಟ್ಟಿ ಎತ್ತುತ್ತಾನೆ. ಯಾರದು ಬಂತೋ ಅವನೇ ಅವತ್ತು ಆ ಪೆಟ್ಟಿಗೆಯ ಪಟ್ಟಿಗಳನ್ನೆಲ್ಲ ಯಂತ್ರಕ್ಕೆ ಸಿಕ್ಕಿಸುವ ಆಳು. ಈ ಕೆಲಸಕ್ಕೆ ಖಾಯಂ ಮನುಷ್ಯನನ್ನು ಇಟ್ಟಿದ್ದರೆ, ಪಟ್ಟಿಯನ್ನು ಮೇಲೆ ಕೆಳಗೆ ಮಾಡಲು ಅವನಿಗೊಂದು ದರ ಹುಟ್ಟಿಕೊಳ್ಳುತ್ತಿತ್ತು. ಪುಸ್ತಕವೂ ಇದೇ ಕಾರಣ ಕೊಡುತ್ತದೆ: ಒಬ್ಬನೇ ಯಾವಾಗಲೂ ಸಿಕ್ಕಿಸಿದರೆ ಮೋಸ ಮಾಡಿಯಾನು. ಅವನ ಶ್ರಮಕ್ಕೆ ಅವತ್ತಿನ ಪೀಠದಲ್ಲಿ ಒಂದು ಜಾಗ ಖಾತ್ರಿ.

ಯಂತ್ರದ ಹೆಸರು ಕ್ಲೆರೊಟೀರಿಯನ್. ಆಳೆತ್ತರದ ಒಂದು ಹಲಗೆ ಅಂದುಕೊಳ್ಳಿ. ಅದರಲ್ಲಿ ಮೇಲಿಂದ ಕೆಳಕ್ಕೆ ಐದು ಪಟ್ಟೆ, ಪ್ರತಿ ಪಟ್ಟೆಯಲ್ಲೂ ಪಟ್ಟಿ ತೂರಿಸುವಷ್ಟೇ ಕಿರಿದಾದ ಸೀಳುಗಳು. ಪಂಗಡಕ್ಕೆ ಇಂಥ ಎರಡು ಯಂತ್ರ. ಐದು ಮತ್ತು ಐದು, ಹತ್ತು ಪಟ್ಟೆ ಹತ್ತು ಅಕ್ಷರಕ್ಕೆ. ಹಲಗೆಯ ಪಕ್ಕದಲ್ಲಿ ಉದ್ದಕ್ಕೆ ಒಂದು ಕೊಳವೆ, ಮೇಲ್ತುದಿಗೆ ಆಲಿಕೆ, ಕೆಳಗೆ ಒಂದೊಂದೇ ದಾಳ ಬೀಳುವಂತೆ ತಡೆ. ದಾಳಗಳು ಕಂಚಿನವು, ಕೆಲವು ಬಿಳಿ, ಕೆಲವು ಕಪ್ಪು.

ಲೆಕ್ಕ ಹೀಗೆ. ಅವತ್ತು 500ರ ಎರಡು ಪೀಠ ಬೇಕು ಎಂದಿಟ್ಟುಕೊಳ್ಳಿ. ಒಟ್ಟು 1000, ಪಂಗಡಕ್ಕೆ 100. ನಮ್ಮ ಪಂಗಡದಿಂದ 150 ಜನ ಬಂದಿದ್ದಾರೆ. ಎರಡು ಯಂತ್ರದಲ್ಲಿ ಹಂಚಿದರೆ ಒಂದೊಂದರಲ್ಲಿ 75 ಪಟ್ಟಿ, ಎಂದರೆ ಐದೈದರ 15 ಅಡ್ಡಸಾಲು. ಒಂದು ದಾಳಕ್ಕೆ ಒಂದು ಸಾಲು. ಹಾಗಾಗಿ ಪ್ರತಿ ಯಂತ್ರಕ್ಕೆ 10 ಬಿಳಿ, 5 ಕಪ್ಪು ದಾಳ ಆಲಿಕೆಗೆ ಸುರಿಯಬೇಕು. ಮೊದಲು ಬಿದ್ದದ್ದು ಬಿಳಿಯಾದರೆ ಮೇಲಿನ ಸಾಲಿನ ಐವರೂ ಒಳಗೆ, ಕಪ್ಪಾದರೆ ಐವರೂ ಮನೆಗೆ. ಎರಡನೆಯದು ಎರಡನೇ ಸಾಲಿಗೆ. ಹೀಗೇ ಕೆಳಗಿನವರೆಗೆ. 75 ಜನರ ಹಣೆಬರಹ ಹದಿನೈದೇ ದಾಳಗಳಲ್ಲಿ ಮುಗಿಯಿತು.

ಒಬ್ಬೊಬ್ಬರದೇ ಹೆಸರೆತ್ತುತ್ತ ಕೂತಿದ್ದರೆ ಕೇಸು ಶುರುವಾಗುವ ಹೊತ್ತಿಗೆ ಸೂರ್ಯ ನೆತ್ತಿಗೆ ಬರುತ್ತಿದ್ದ. ವೇಗವೊಂದೇ ಅಲ್ಲ, ಇದರಲ್ಲಿ ಇನ್ನೊಂದು ಜಾಣತನವಿದೆ. ಒಂದು ಅಡ್ಡಸಾಲಿನಲ್ಲಿ ಐದು ಬೇರೆ ಬೇರೆ ಅಕ್ಷರದವರೇ ಇರುತ್ತಾರೆ. ಐವರು ಗೆಳೆಯರು ಒಂದೇ ಅಕ್ಷರದವರಾಗಿದ್ದರೆ ಒಂದೇ ಪಟ್ಟೆಯಲ್ಲಿ ಒಬ್ಬರ ಕೆಳಗೊಬ್ಬರು ಬೀಳುತ್ತಾರೆಯೇ ಹೊರತು ಒಂದೇ ದಾಳಕ್ಕೆ ಒಟ್ಟಿಗೆ ಆಯ್ಕೆಯಾಗುವ ಪ್ರಶ್ನೆಯೇ ಇಲ್ಲ. ಹತ್ತು ಅಕ್ಷರಕ್ಕೂ ಜನ ಸಮನಾಗಿರಬೇಕು ಎಂದದ್ದೂ ಇದಕ್ಕೇ. ಒಂದು ಪಟ್ಟೆಯಲ್ಲಿ 15 ಪಟ್ಟಿ, ಪಕ್ಕದ್ದರಲ್ಲಿ 9 ಆದರೆ ಕೆಳಗಿನ ಸಾಲುಗಳಲ್ಲಿ ಸೀಳು ಖಾಲಿ ಬೀಳುತ್ತದೆ, ಬಿಳಿ ದಾಳ ಬಿದ್ದರೂ ಐವರು ಸಿಗುವುದಿಲ್ಲ, ಇಡೀ ಲೆಕ್ಕ ತಪ್ಪುತ್ತದೆ.

ಇಂದು ಅಗೋರಾದ ಮ್ಯೂಸಿಯಂನಲ್ಲಿ ಕಾಣುವ ಕ್ಲೆರೊಟೀರಿಯನ್ ಕಲ್ಲಿನದು, ಐದಲ್ಲ, ಹನ್ನೊಂದು ಪಟ್ಟೆಯದು. ಅರಿಸ್ಟಾಟಲನಿಗಿಂತ ನಂತರದ ಶತಮಾನಗಳಿಗೆ ಸೇರಿದ್ದು. ಅದರ ಫೋಟೊ ಹಾಕಿ ಸಾಕ್ರಟೀಸನ ಕೇಸು ಕೇಳಿದ ಪೀಠವನ್ನು ಇದರಲ್ಲೇ ಎತ್ತಿದರು ಎಂದು ಬರೆಯುವವರು ಬಹಳ. ಹಾಗಲ್ಲ.

ಆಯ್ಕೆಯಾದವನು ಕೋರ್ಟಿಗೆ ನೇರ ಹೋಗುವಂತಿಲ್ಲ. ಯಾವ ಕೋರ್ಟು ಎಂಬುದಕ್ಕೆ ಮತ್ತೊಂದು ಸುತ್ತು. ಕೊಡದಿಂದ ಓಕ್ ಕಾಯಿಯ ಆಕಾರದ ಗುಂಡು ಒಂದನ್ನು ಎತ್ತಬೇಕು. ಅದರ ಮೇಲೊಂದು ಅಕ್ಷರ, ಆದರೆ ಹನ್ನೊಂದನೇ ಅಕ್ಷರವಾದ ಲ್ಯಾಮ್ಡಾದಿಂದ ಮುಂದಿನದು. ಪಟ್ಟಿಯ ಅಕ್ಷರ ಕಪ್ಪಾಕ್ಕೆ ಮುಗಿಯುತ್ತದೆ, ಕೋರ್ಟಿನ ಅಕ್ಷರ ಲ್ಯಾಮ್ಡಾಕ್ಕೆ ಶುರುವಾಗುತ್ತದೆ, ಒಂದಕ್ಕೊಂದು ಕಲೆಯುವ ಪ್ರಮೇಯವಿಲ್ಲ. ಎತ್ತಿದ ಗುಂಡನ್ನು ಅಕ್ಷರ ಮೇಲಕ್ಕಿರುವಂತೆ ಹಿಡಿದು ಮೊದಲು ಅಧಿಕಾರಿಗೆ ತೋರಿಸಬೇಕು. ಅವನು ನೋಡಿ, ಇವನ ಪಟ್ಟಿಯನ್ನು ಆ ಅಕ್ಷರದ ಕೋರ್ಟಿನ ಪೆಟ್ಟಿಗೆಗೆ ಹಾಕುತ್ತಾನೆ. ಈಗ ಪಟ್ಟಿ ಅಲ್ಲಿ ಸಿಕ್ಕಿಬಿತ್ತು. ಸಂಜೆ ಕೂಲಿ ಸಿಗುವುದು ಪಟ್ಟಿ ಇರುವ ಕೋರ್ಟಿನಲ್ಲೇ.

ಅಷ್ಟಾದರೂ ಅಥೆನ್ಸಿನವರಿಗೆ ಸಮಾಧಾನವಿಲ್ಲ. ಒಳಗೆ ಹೋಗುವಾಗ ಸೇವಕನಿಗೆ ಗುಂಡು ತೋರಿಸಿದರೆ ಅವನೊಂದು ಬಣ್ಣದ ಕೋಲು ಕೊಡುತ್ತಾನೆ. ಕೋರ್ಟಿನ ಬಾಗಿಲ ಮೇಲಿನ ಅಡ್ಡಪಟ್ಟಿಗೂ ಅದೇ ಬಣ್ಣ. ಕೆಂಪು ಕೋಲು ಹಿಡಿದವನು ಹಸಿರು ಬಾಗಿಲಲ್ಲಿ ನುಗ್ಗಿದರೆ ದೂರದಿಂದಲೇ ಕಾಣುತ್ತದೆ. ಅಕ್ಷರ ಓದಲು ಬಾರದ ಕಾವಲುಗಾರನೂ ಹಿಡಿಯಬಲ್ಲ. ಒಂದೇ ಮಾಹಿತಿಯನ್ನು ಪಟ್ಟಿಯ ಪೆಟ್ಟಿಗೆ, ಗುಂಡು, ಕೋಲು ಎಂದು ಮೂರು ಕಡೆ ದಾಖಲು ಮಾಡಿದಂತಾಯಿತು. ಮೂವರು ಬೇರೆ ಬೇರೆ ಜನ ನೋಡುವಂಥದ್ದು.

ಕೋರ್ಟುಗಳೆಲ್ಲ ತುಂಬಿದ ಮೇಲೆ ಕೊನೆಯ ಚೀಟಿ: ಯಾವ ಅಧಿಕಾರಿ ಯಾವ ಕೋರ್ಟಿಗೆ. ಕೇಸು ಅಧಿಕಾರಿಯ ಜೊತೆ ಬರುತ್ತದೆ. ಹಾಗಾಗಿ ಆ ಕ್ಷಣದವರೆಗೂ ಯಾವ ಕೇಸನ್ನು ಯಾರು ಕೇಳುತ್ತಾರೆಂಬುದು ಇಡೀ ಊರಿನಲ್ಲಿ ಒಬ್ಬನಿಗೂ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ದಿಕಾಸ್ಟರು ಒಳಗೆ ಕೂತಾಗಿದೆ. ಅನಿಟಸನಂಥವನು ಗಂಟು ಹಿಡಿದು ಬಂದರೂ ಕೊಡುವುದು ಯಾರಿಗೆ? ಬಂದ ಎಲ್ಲರಿಗೂ ಕೊಡಬೇಕು, ಬಂದವರಲ್ಲಿ ಬಹಳ ಜನ ಬೇರೆ ಕೋರ್ಟಿನಲ್ಲೋ ಮನೆಯಲ್ಲೋ ಇರುತ್ತಾರೆ.

ಒಳಗೆ ಕೂತ ಮೇಲೂ ಚೀಟಿ ಮುಗಿಯಲಿಲ್ಲ. ಪಂಗಡಕ್ಕೊಬ್ಬರಂತೆ ಹತ್ತು ಜನರನ್ನು ಎತ್ತಿ, ಅದರಲ್ಲಿ ಒಬ್ಬನನ್ನು ನೀರಿಗೆ, ನಾಲ್ವರನ್ನು ಮತಕ್ಕೆ, ಉಳಿದ ಐವರನ್ನು ಕೂಲಿ ಹಂಚುವುದಕ್ಕೆ ಹಾಕುತ್ತಾರೆ.

ನೀರು ಅಂದರೆ ಗಡಿಯಾರ. ಕ್ಲೆಪ್ಸಿಡ್ರಾ, ಹಾಗೆಂದರೆ ನೀರುಗಳ್ಳ. ನಮ್ಮ ಗಳಿಗೆ ಬಟ್ಟಲು ನೀರಿನ ಮೇಲೆ ತೇಲಿ, ತಳದ ತೂತಿನಿಂದ ತುಂಬಿ ಮುಳುಗುತ್ತದೆ. ಇದು ಅದರ ತಿರುವುಮುರುವು, ತುಂಬಿಟ್ಟು ಸೋರಿಸುವುದು. ಅಗೋರಾದಲ್ಲಿ ಸಿಕ್ಕ ಮಣ್ಣಿನ ಪಾತ್ರೆಯೊಂದು ಕ್ರಿ.ಪೂ. ಐದನೇ ಶತಮಾನದ ಕೊನೆಯದು. ತಳದ ಹತ್ತಿರ ಸಣ್ಣ ಕಂಚಿನ ನಳಿಗೆ. ಕಂಠದ ಕೆಳಗೊಂದು ತೂತು, ಹೆಚ್ಚಾದದ್ದು ಹರಿದುಹೋಗಿ ಅಳತೆ ತಾನಾಗಿ ಸರಿಯಾಗಲಿ ಎಂದು. ಮೈಮೇಲೆ ಎರಡು ಖೂಸ್ ಎಂಬ ಗುರುತು. ಒಂದು ಖೂಸ್ ಎಂದರೆ ಸುಮಾರು 3.2 ಲೀಟರ್. 6.4 ಲೀಟರ್ ಖಾಲಿಯಾಗಲು ಆರು ನಿಮಿಷ.

5000 ಡ್ರಾಕ್ಮಾ ದಾಟಿದ ವ್ಯಾಜ್ಯಕ್ಕೆ ಮೊದಲ ಭಾಷಣಕ್ಕೆ 10 ಖೂಸ್, ಎರಡನೆಯದಕ್ಕೆ 3. ಅಲ್ಲಿವರೆಗಿನದಕ್ಕೆ 7 ಮತ್ತು 2. 1000 ಡ್ರಾಕ್ಮಾದವರೆಗಿನದಕ್ಕೆ 5 ಮತ್ತು 2. ಮೇಲಿನ ಪಾತ್ರೆಯ ಲೆಕ್ಕ ಹಿಡಿದರೆ 10 ಖೂಸ್ ಎಂದರೆ ಅರ್ಧ ಗಂಟೆ. ಸಾರ್ವಜನಿಕ ಕೇಸಿಗೆ ಇಡೀ ದಿನ. ಆದರೆ ಬೇಸಿಗೆಯ ದಿನ ಉದ್ದ, ಚಳಿಗಾಲದ್ದು ಗಿಡ್ಡ. ಯಾವ ದಿನವನ್ನು ಅಳತೆಗೆ ಹಿಡಿಯುವುದು? ವರ್ಷದ ಅತಿ ಗಿಡ್ಡ ದಿನಗಳ ಪೊಸೈಡಿಯಾನ್ ತಿಂಗಳನ್ನೇ ಹಿಡಿದರು: 11 ಆಂಫೊರಾ, ಎಂದರೆ 132 ಖೂಸ್. ಅದೇ ಪಾತ್ರೆಯ ಲೆಕ್ಕದಲ್ಲಿ ಆರೂವರೆ ಗಂಟೆ ಚಿಲ್ಲರೆ. ಚಳಿಗಾಲದ ಒಂಬತ್ತೂವರೆ ಗಂಟೆಯ ಹಗಲಿನಲ್ಲಿ ಬೆಳಗಿನ ಚೀಟಿಗೆ, ಸಂಜೆಯ ಎಣಿಕೆಗೆ ಸಮಯ ಬಿಟ್ಟು ಸರಿಯಾಗಿ ಕೂರುತ್ತದೆ.

ಖಾಸಗಿ ವ್ಯಾಜ್ಯದಲ್ಲಿ ಕಾನೂನು ಅಥವಾ ಸಾಕ್ಷಿ ಹೇಳಿಕೆ ಓದುವಾಗ ನೀರಿನವನು ನಳಿಗೆಗೆ ಬೆರಳೊತ್ತಿ ನಿಲ್ಲಿಸುತ್ತಾನೆ. ಇಡೀ ದಿನದ ಕೇಸಿನಲ್ಲಿ ನಿಲ್ಲಿಸುವಂತಿಲ್ಲ. ಇಬ್ಬರಿಗೂ ಸಮನಾದ ನೀರು, ಓದಿಸುವುದೂ ಅದರಲ್ಲೇ. ಸಾಕ್ಷ್ಯ ಜಾಸ್ತಿಯಾದರೆ ಮಾತು ಕಡಿಮೆ. ಪಾತ್ರೆಯಲ್ಲಿ ನೀರಿನ ಮಟ್ಟ ಇಳಿದಂತೆ ಒತ್ತಡವೂ ಇಳಿಯುತ್ತದೆ, ಮೊದಲು ದೂರಕ್ಕೆ ಚಿಮ್ಮುತ್ತಿದ್ದ ಧಾರೆ ಬರಬರುತ್ತ ಪಾತ್ರೆಯ ಬುಡಕ್ಕೇ ಬೀಳತೊಡಗುತ್ತದೆ. ಭಾಷಣಕಾರನಿಗೆ ಅದೇ ಗಂಟೆ. ನೀರು ಭಾಷೆಯೊಳಗೂ ಇಳಿದಿತ್ತು. ಎದುರಾಳಿಗೆ ಸವಾಲು ಹಾಕುವಾಗ ಹೆಸರಾಂತ ಭಾಷಣಕಾರ ಡೆಮೊಸ್ತನೀಸ್ ‘ಬೇಕಿದ್ದರೆ ನನ್ನ ನೀರಿನಲ್ಲೇ ಬಂದು ಹೇಳಲಿ’ ಎನ್ನುತ್ತಾನೆ. ಸಮಯ ಉಳಿದಿರುವಾಗಲೇ ಭಾಷಣ ಮುಗಿಸಿದರೆ ‘ನೀರು ಚೆಲ್ಲಿಬಿಡು’ ಎನ್ನುವುದು ವಾಡಿಕೆ.

ವಕೀಲರಿರಲಿಲ್ಲ. ಕಕ್ಷಿದಾರನೇ ಎದ್ದು ಮಾತಾಡಬೇಕು. ಆದರೆ ದುಡ್ಡಿದ್ದವನು ಭಾಷಣ ಬರೆಸಿ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ. ಪೌರತ್ವವಿಲ್ಲದ ಲಿಸಿಯಾಸ್ ಈ ಬರವಣಿಗೆಯಲ್ಲೇ ಹೆಸರಾದ. ನನ್ನ ಮಟ್ಟಿಗೆ ಇಡೀ ಏರ್ಪಾಡಿನ ದೊಡ್ಡ ತೂತು ಇದೇ. ದುಡ್ಡು ದಿಕಾಸ್ಟನ ಕಿಸೆಗೆ ಹೋಗದಂತೆ ಹತ್ತು ಬೀಗ ಹಾಕಿದರು, ಅದು ಭಾಷಣ ಬರೆಯುವವನ ಮನೆಗೆ ಹೋಗುವುದಕ್ಕೆ ಒಂದೂ ಬೀಗವಿಲ್ಲ. ಇನ್ನು ಹೆಂಗಸು ಕೋರ್ಟಿನಲ್ಲಿ ಸಾಕ್ಷಿ ಹೇಳುವಂತಿರಲಿಲ್ಲ. ಗುಲಾಮನ ಮಾತು ಚಿತ್ರಹಿಂಸೆ ಕೊಟ್ಟು ಹೊರಡಿಸಿದ್ದಾದರೆ ಮಾತ್ರ ಸಾಕ್ಷ್ಯ. ಪೆಟ್ಟಿಗೆ ಕುಲುಕಿ, ಕೋಲು ಹಂಚುತ್ತಿದ್ದ ಸೇವಕರೂ ಊರಿನ ಸೊತ್ತಾದ ಗುಲಾಮರೇ.

ಈಗ ಮತ. ಗ್ರೀಕಿನಲ್ಲಿ ಮತಕ್ಕೆ ಪ್ಸೆಫೋಸ್, ಬೆಣಚುಕಲ್ಲು ಎಂದರ್ಥ. ವಿಯೆನ್ನಾದಲ್ಲಿರುವ, ಡೌರಿಸ್ ಎಂಬ ಕಲಾವಿದ ಚಿತ್ರಿಸಿದ ಬಟ್ಟಲೊಂದರ ಮೇಲೆ ಸತ್ತ ಅಕಿಲೀಸನ ಆಯುಧ ಏಜಾಕ್ಸನಿಗೋ ಒಡಿಸ್ಯೂಸನಿಗೋ ಎಂಬ ಮತದಾನವಿದೆ. ವೀರರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕಲ್ಲಿಡುತ್ತಾರೆ, ಒಂದು ಕಡೆಯ ಗುಡ್ಡೆ ದೊಡ್ಡದು, ಇನ್ನೊಂದು ಕಡೆಯದು ಚಿಕ್ಕದು, ನಡುವೆ ನಿಂತು ಅಥೀನಾ ನೋಡುತ್ತಿದ್ದಾಳೆ. ಪುರಾಣದಲ್ಲಿ ಇದು ಸರಿ. ಊರಿನಲ್ಲಿ ಯಾರು ಎಲ್ಲಿಟ್ಟರೆಂದು ಕಂಡರೆ ಗತಿ ಏನು? ಕ್ರಿ.ಪೂ. 404ರಲ್ಲಿ ಸ್ಪಾರ್ಟಾದ ಬೆಂಬಲದಿಂದ ಅಧಿಕಾರ ಹಿಡಿದ ಮೂವತ್ತು ಮಂದಿ, ಪರಿಷತ್ತಿನ ಸದಸ್ಯರು ಮತವನ್ನು ಕೊಡದಲ್ಲಲ್ಲ, ತಮ್ಮ ಮುಂದಿನ ಮೇಜುಗಳ ಮೇಲೆ ಬಹಿರಂಗವಾಗಿ ಇಡಬೇಕೆಂದು ಹೇಳಿ ಬೆಂಚಿನಲ್ಲಿ ಕೂತು ನೋಡಿದರು. ತೀರ್ಪು ಏನಾಯಿತೆಂದು ಊಹಿಸಬಹುದು.

ಎರಡು ಕೊಡವಿಟ್ಟು, ಒಂದು ಶಿಕ್ಷೆಗೆ, ಒಂದು ಬಿಡುಗಡೆಗೆ ಎಂದರೂ ಕೈ ಯಾವ ಕಡೆ ಹೋಯಿತೆಂಬುದು ಕಾಣುತ್ತದೆ. ಐದನೇ ಶತಮಾನದಲ್ಲಿ ಕೊಡದ ಬಾಯಿಗೆ ಹೆಣೆದ ಆಲಿಕೆ ಇಟ್ಟು ಕೈ ಮರೆಮಾಡಿ ನೋಡಿದರು. ನಾಲ್ಕನೇ ಶತಮಾನದ ಪರಿಹಾರ ಇನ್ನೂ ನಾಜೂಕು. ಪ್ರತಿಯೊಬ್ಬನಿಗೂ ಎರಡು ಕಂಚಿನ ಬಿಲ್ಲೆ. ಪುಟ್ಟ ಚಕ್ರದ ನಡುವೆ ಗಿಡ್ಡ ಅಚ್ಚು ತೂರಿಸಿದಂಥ ಆಕಾರ, ಸುಮಾರು 6 ಸೆಂಟಿಮೀಟರ್ ಅಗಲ. ಒಂದರ ಅಚ್ಚು ಟೊಳ್ಳು, ಇನ್ನೊಂದರದು ಗಟ್ಟಿ. ಟೊಳ್ಳು ಮೊದಲು ಮಾತಾಡಿದವನಿಗೆ, ಎಂದರೆ ಫಿರ್ಯಾದಿಗೆ, ಗಟ್ಟಿ ಆರೋಪಿಗೆ. ಅಗೋರಾದಲ್ಲಿ ಸಿಕ್ಕ ಕೆಲವದರ ಮೇಲೆ ‘ಸಾರ್ವಜನಿಕ ಮತ’ ಎಂದು ಕೊರೆದಿದೆ.

ಹಿಡಿಯುವ ಕ್ರಮವಿದೆ. ಹೆಬ್ಬೆರಳು ಅಚ್ಚಿನ ಒಂದು ತುದಿಗೆ, ತೋರುಬೆರಳು ಇನ್ನೊಂದು ತುದಿಗೆ. ಒತ್ತಿ ಹಿಡಿದರೆ ಟೊಳ್ಳೋ ಗಟ್ಟಿಯೋ ಹಿಡಿದವನ ಬೆರಳಿಗೆ ಗೊತ್ತು, ನೋಡುವವನಿಗೆ ಗೊತ್ತಿಲ್ಲ. ಎರಡು ಕೊಡಗಳಿವೆ, ಒಂದು ಕಂಚಿನದು, ಒಂದು ಮರದ್ದು. ಎಣಿಕೆಗೆ ಬರುವುದು ಕಂಚಿನ ಕೊಡಕ್ಕೆ ಹಾಕಿದ್ದು, ಮರದ ಕೊಡ ಕಸದ ಬುಟ್ಟಿ. ಎಲ್ಲರೂ ಎರಡು ಕೊಡಕ್ಕೂ ಒಂದೊಂದು ಹಾಕಲೇಬೇಕಾದ್ದರಿಂದ ಕೈ ಎತ್ತ ಹೋಯಿತೆಂಬುದರಿಂದ ಏನೂ ತಿಳಿಯದು. ಕಂಚಿನ ಕೊಡದ ಮುಚ್ಚಳದ ತೂತಿನಲ್ಲಿ ಒಂದು ಬಿಲ್ಲೆ ಮಾತ್ರ ತೂರುತ್ತದೆ, ಜೋಡಿ ಹಾಕಲು ನೋಡಿದರೆ ಸಿಕ್ಕಿಕೊಳ್ಳುತ್ತದೆ. ಬಿಲ್ಲೆ ಹಂಚುವಾಗ ಮಾತ್ರ ಎಲ್ಲ ಬಹಿರಂಗ: ಯಾರಿಗಾದರೂ ಎರಡೂ ಟೊಳ್ಳು ಅಥವಾ ಎರಡೂ ಗಟ್ಟಿ ಸಿಕ್ಕಿತೇ ಎಂದು ಕಕ್ಷಿದಾರರು ಕಣ್ಣಿಟ್ಟು ನೋಡಬಹುದು.

ಎಣಿಸಲು ಬಿಲ್ಲೆಗಳಷ್ಟೇ ತೂತುಗಳಿರುವ ಹಲಗೆ. ಸುರಿದು ಒಂದೊಂದನ್ನೂ ಅಚ್ಚಿನ ಮೇಲೆ ನಿಲ್ಲಿಸಿದರೆ ಟೊಳ್ಳೆಷ್ಟು ಗಟ್ಟಿಯೆಷ್ಟು ಎಂದು ಎಲ್ಲರಿಗೂ ಕಾಣುತ್ತದೆ. ಸಮ ಬಂದರೆ ಆರೋಪಿ ಗೆದ್ದ. ತಾಯಿಯನ್ನು ಕೊಂದ ಒರೆಸ್ಟೀಸ್ ಅರಿಯೋಪಗಸ್ ಗುಡ್ಡದ ಮೇಲೆ ಮತ ಸಮನಾಗಿ ಬಿಡುಗಡೆಯಾದದ್ದು, ಅಥೀನಾ ತನ್ನ ಕಲ್ಲನ್ನು ಅವನ ಪರವಾಗಿ ಹಾಕಿದ್ದು ಎಲ್ಲ ಕ್ರಿ.ಪೂ. 458ರಲ್ಲೇ ರಂಗದ ಮೇಲೆ ಬಂದಿತ್ತು. ಕೋರ್ಟಿನವರು ಆ ನಿಯಮ ಇಟ್ಟುಕೊಂಡೂ, 500ಕ್ಕೆ ಒಂದು ಸೇರಿಸಿ 501 ಮಾಡಿದರು. ದೇವತೆಯನ್ನು ದಿನಾ ಕರೆಯುವುದು ಬೇಡ ಎಂದಿರಬೇಕು.

ಕೆಲವು ಅಪರಾಧಗಳಿಗೆ ಶಿಕ್ಷೆ ಕಾನೂನಿನಲ್ಲೇ ಗೊತ್ತಾಗಿರಲಿಲ್ಲ. ಅಂಥ ಕಡೆ ಎರಡನೇ ಮತ: ಫಿರ್ಯಾದಿ ಒಂದು ಶಿಕ್ಷೆ ಹೇಳುತ್ತಾನೆ, ಅಪರಾಧಿ ಇನ್ನೊಂದು. ದಿಕಾಸ್ಟರು ಎರಡರಲ್ಲಿ ಒಂದನ್ನು ಆರಿಸಬೇಕು, ನಡುವಿನದನ್ನು ತಾವೇ ಹುಟ್ಟಿಸುವಂತಿಲ್ಲ. ಇಬ್ಬರೂ ಅತಿಗೆ ಹೋಗದೆ ಮಧ್ಯಕ್ಕೆ ಬರಲಿ ಎಂಬುದು ಇದರ ಲೆಕ್ಕಾಚಾರ. ಒಬ್ಬ ಹಟ ಹಿಡಿದರೆ ಲೆಕ್ಕಾಚಾರ ಕುಸಿಯುತ್ತದೆ, ಕ್ರಿ.ಪೂ. 399ರಲ್ಲಿ ಕುಸಿದದ್ದೂ ಹಾಗೆಯೇ. ಸಾಕ್ರಟೀಸನ ಮೇಲೆ ಕೇಸು ಹಾಕಿದವನು ಮೆಲೆಟಸ್, ಬೆನ್ನಿಗೆ ನಿಂತವರು ಲೈಕಾನ್ ಮತ್ತು ಅದೇ ಅನಿಟಸ್. ದುಡ್ಡು ಹಂಚಿ ಪಾರಾಗಿ ಹತ್ತು ವರ್ಷವಾಗಿತ್ತು, ಈಗ ಅವನು ಪ್ರಜಾಪ್ರಭುತ್ವವನ್ನು ಮರಳಿ ತಂದ ನಾಯಕರಲ್ಲೊಬ್ಬ. 30 ಮತ ಆ ಕಡೆಯಿಂದ ಈ ಕಡೆ ಬಂದಿದ್ದರೆ ಬಿಡುಗಡೆಯಾಗುತ್ತಿತ್ತು ಎಂದು ಪ್ಲೇಟೊ ಬರೆದ ಭಾಷಣದಲ್ಲಿ ಸಾಕ್ರಟೀಸ್ ಹೇಳುತ್ತಾನೆ. 501ರ ಪೀಠವೆಂದು ಹಿಡಿದರೆ 280ಕ್ಕೆ 221ರ ಆಸುಪಾಸು.

ಅಲ್ಲೊಂದು ಕುಟುಕೂ ಇದೆ. ಸಾರ್ವಜನಿಕ ಕೇಸಿನಲ್ಲಿ ಫಿರ್ಯಾದಿಗೆ ಐದರಲ್ಲೊಂದು ಪಾಲು ಮತವೂ ಬೀಳದಿದ್ದರೆ 1000 ಡ್ರಾಕ್ಮಾ ದಂಡ. ಸುಳ್ಳು ಕೇಸುಗಳಿಗೆ ಹಾಕಿದ ಕಡಿವಾಣ ಅದು. ಬಿದ್ದ ಮತವನ್ನು ಮೂವರಿಗೂ ಹಂಚಿದರೆ ಮೆಲೆಟಸನ ಪಾಲು ಐದರಲ್ಲೊಂದಕ್ಕೂ ಬರುವುದಿಲ್ಲ, ಅನಿಟಸ್ ಮತ್ತು ಲೈಕಾನ್ ಬಂದು ನಿಂತದ್ದಕ್ಕೆ ಅವನು ದಂಡದಿಂದ ಉಳಿದ ಎನ್ನುತ್ತಾನೆ ಸಾಕ್ರಟೀಸ್. ಶಿಕ್ಷೆಯ ಸುತ್ತಿನಲ್ಲಿ ಮೆಲೆಟಸ್ ಮರಣದಂಡನೆ ಕೇಳಿದ. ಸಾಕ್ರಟೀಸ್ ಗಡೀಪಾರು ಎಂದಿದ್ದರೆ ದಿಕಾಸ್ಟರು ಒಪ್ಪುವ ಸಂಭವವಿತ್ತು. ಸಾಕ್ರಟೀಸ್ ಮೊದಲು, ನನಗೆ ಸಲ್ಲಬೇಕಾದ್ದು ಊರಿನ ಖರ್ಚಿನಲ್ಲಿ ಊಟ ಎಂದ. ಆಮೇಲೆ ಒಂದು ಮಿನಾ ಕೊಡಬಲ್ಲೆ ಎಂದ. ಪ್ಲೇಟೊ, ಕ್ರಿಟೊ ಮೊದಲಾದವರು ಜಾಮೀನು ನಿಂತ ಮೇಲೆ 30 ಮಿನಾ, ಎಂದರೆ 3000 ಡ್ರಾಕ್ಮಾ ಎಂದ. ತಡವಾಗಿತ್ತು. ಈ ಸಲ ಅನಿಟಸ್ ಯಾರಿಗೂ ದುಡ್ಡು ಕೊಟ್ಟ ಎಂದು ಯಾರೂ ಹೇಳಿಲ್ಲ.

ಕೊನೆಯ ಕೆಲಸ ಕೂಲಿ. ಬಿಲ್ಲೆ ಹಾಕಿದವನಿಗೆ ಕೋಲಿನ ಬದಲು ಒಂದು ಕಂಚಿನ ಟೋಕನ್, ಮೇಲೆ ಗ್ಯಾಮಾ ಅಕ್ಷರ, ಎಂದರೆ 3. ಮತ ಹಾಕದಿದ್ದರೆ ಟೋಕನ್ ಇಲ್ಲ, ಟೋಕನ್ ಇಲ್ಲದಿದ್ದರೆ ಮೂರು ಒಬೊಲ್ ಇಲ್ಲ. ಪೆರಿಕ್ಲೀಸ್ ಶುರುಮಾಡಿದ ಭತ್ಯೆಯನ್ನು ಕ್ಲಿಯಾನ್ ಕ್ರಿ.ಪೂ. 425ರ ಹೊತ್ತಿಗೆ ಮೂರು ಒಬೊಲ್‌ಗೆ ಏರಿಸಿದ. ಅದಾದ ನೂರು ವರ್ಷದ ಮೇಲೂ ಅದು ಮೂರೇ. ಅರ್ಧ ಡ್ರಾಕ್ಮಾ. ಅಷ್ಟು ಹೊತ್ತಿಗೆ ಅಥೆನ್ಸಿನ ಹತ್ತಿರದ ಎಲ್ಯೂಸಿಸ್‌ನಲ್ಲಿ ಕಟ್ಟಡ ಕೆಲಸದ ಸಾಮಾನ್ಯ ಆಳಿಗೇ ದಿನಕ್ಕೆ ಒಂದೂವರೆ ಡ್ರಾಕ್ಮಾ ಸಿಗುತ್ತಿತ್ತು. 501ರ ಒಂದು ಪೀಠಕ್ಕೆ ಊರಿಗೆ ಬೀಳುತ್ತಿದ್ದ ಖರ್ಚು ಒಟ್ಟು 250 ಡ್ರಾಕ್ಮಾ 3 ಒಬೊಲ್.

ಕೂಲಿ ಕೊಡುವಾಗ ಆ ಐವರು ಪಂಗಡವಾರು ಬೇರೆ ಬೇರೆ ಕಡೆ ನಿಲ್ಲುತ್ತಿದ್ದರು, ನೂಕುನುಗ್ಗಲಾಗದಿರಲೆಂದು. ಪೆಟ್ಟಿಗೆಯಿಂದ ಪಟ್ಟಿ ತೆಗೆದು ಹೆಸರು ಕೂಗಿ, ಟೋಕನ್ ಇಸಿದುಕೊಂಡು, ದುಡ್ಡು ಮತ್ತು ಪಟ್ಟಿ ಎರಡನ್ನೂ ಕೈಗಿಡುತ್ತಿದ್ದರು. ಕಂಚಿನ ಪಟ್ಟಿಗಳಲ್ಲಿ ಹಲವನ್ನು ಹಳೇ ಹೆಸರು ತಟ್ಟಿ ಅಳಿಸಿ, ಹೊಸ ಹೆಸರು ಕೊರೆದು ಮತ್ತೆ ಮತ್ತೆ ಬಳಸಿದ್ದಾರೆ; ಓರೆಯಾಗಿ ಬೆಳಕು ಬಿಟ್ಟರೆ ಹಿಂದಿನವನ ಅಕ್ಷರ ಈಗಲೂ ಮಸುಕಾಗಿ ಕಾಣುತ್ತದೆ. ಇಡಿಯಾಗಿ ಉಳಿದವು ಹೆಚ್ಚಾಗಿ ಸಿಕ್ಕಿರುವುದು ಗೋರಿಗಳಲ್ಲಿ. ಕೊನೆಯವರೆಗೂ ಪಟ್ಟಿ ಬಿಡದೆ, ಹೂಳುವಾಗಲೂ ಜೊತೆಯಲ್ಲೇ ಇಟ್ಟುಕೊಂಡು ಹೋದವರದು.